ರಾತ್ರಿ ಎರಡು ಗಂಟೆಯ ಕೈಗೆ ಸರಿಯಾದ ಔಷಧಿ: ವಾರ್ಡಿನ ಔಷಧಿ ಜಾಗ ಜೋಡಿಸುವುದು ಹೇಗೆ

ಹೊಸ ವಾರ್ಡು ಕಟ್ಟುವಾಗ ಔಷಧಿ ಎಲ್ಲಿಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಮಂಚ ಎಷ್ಟು, ಆಕ್ಸಿಜನ್ ಪಾಯಿಂಟ್ ಎಲ್ಲಿ, ಟಾಯ್ಲೆಟ್ ಎಷ್ಟು ಅಂತ ಮೀಟಿಂಗ್ ಮೇಲೆ ಮೀಟಿಂಗ್ ನಡೆಯುತ್ತದೆ. ಎಲ್ಲ ಮುಗಿದ ಮೇಲೆ ಟಾಯ್ಲೆಟ್ ಗೋಡೆಗೆ ಒತ್ತಿಕೊಂಡ ಒಂದು ಮೂಲೆ ಉಳಿದಿರುತ್ತದೆ ನೋಡಿ, ಅಲ್ಲಿ ಒಂದು ಕಬ್ಬಿಣದ ಬೀರು ತಂದು ನಿಲ್ಲಿಸುತ್ತಾರೆ. ಮುಗಿಯಿತು, ಔಷಧಿ ಸ್ಟೋರ್ ರೆಡಿ.

ನಾನು ಆಸ್ಪತ್ರೆ ಫಾರ್ಮಸಿಸ್ಟ್. ಮೊದಲು ಕರಾವಳಿಯಲ್ಲಿದ್ದೆ, ಆಮೇಲೆ ಕಲಬುರಗಿ ಕಡೆ, ಈಗ ಮಧ್ಯ ಕರ್ನಾಟಕದಲ್ಲಿ. ಇಲ್ಲಿಯವರೆಗೆ ಏಳು ವಾರ್ಡುಗಳ ಔಷಧಿ ಜಾಗವನ್ನು ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ಮೊದಲ ಎರಡನ್ನು ನಾನೇ ಹಾಳು ಮಾಡಿದೆ. ಎಬಿಸಿಡಿ ಪ್ರಕಾರ ಸಾಲಾಗಿ ಇಟ್ಟಿದ್ದೆ, ನೋಡಲು ಚಂದ ಇತ್ತು, ಎಲ್ಲರೂ ಹೊಗಳಿದರು. ಮೂರು ವಾರದಲ್ಲಿ ಮತ್ತೆ ಸಂತೆ. ಯಾಕೆ ಅಂದರೆ ನಾನು ಜೋಡಿಸಿದ್ದು ಬೆಳಗ್ಗೆ ಹನ್ನೊಂದು ಗಂಟೆಯ ಬೆಳಕಿನಲ್ಲಿ, ನನ್ನ ಕಣ್ಣಿಗೆ ಸರಿ ಕಾಣುವ ಹಾಗೆ. ಅದನ್ನು ತೆಗೆಯುವವರು ರಾತ್ರಿ ಎರಡು ಗಂಟೆಗೆ, ಮೂವತ್ತು ಮಂಚಕ್ಕೆ ಒಬ್ಬರೋ ಇಬ್ಬರೋ ಇರುವ ಸಿಸ್ಟರ್, ಒಂದು ಕಿವಿಯನ್ನು ಮೂಲೆಯ ಮಂಚದ ರೋಗಿಯ ಉಸಿರಿನ ಕಡೆಗೇ ಇಟ್ಟುಕೊಂಡವರು. ಆ ಕೈಗೆ ತಕ್ಕ ಹಾಗೆ ಜೋಡಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. 30 ಮಂಚದ ಸಾಮಾನ್ಯ ಮೆಡಿಸಿನ್ ವಾರ್ಡು ಅಂತ ಇಟ್ಟುಕೊಳ್ಳಿ. ಐಸಿಯು, ಆಪರೇಷನ್ ಥಿಯೇಟರ್ ಲೆಕ್ಕ ಬೇರೆ.

ಮೊದಲು ಎರಡು ದಿನ ಸುಮ್ನೆ ನಿಂತು ನೋಡಿ

ಬಡಗಿಯನ್ನು ಕರೆಯುವ ಮೊದಲು ವಾರ್ಡಿನ ನಕ್ಷೆಯನ್ನು ಒಂದು ಹಾಳೆ ಮೇಲೆ ಗೀಚಿಕೊಳ್ಳಿ. ಅಂದವಾಗಿ ಬರೆಯಬೇಕಿಲ್ಲ. ಮಂಚ, ನರ್ಸಿಂಗ್ ಸ್ಟೇಷನ್, ಬೀರು, ಫ್ರಿಜ್, ಸಿಂಕ್, ಕಸದ ಬಕೆಟ್ ಎಲ್ಲಿವೆ ಅಂತ ಗುರುತಿಸಿದರೆ ಸಾಕು. ಬೆಳಗ್ಗೆ ಇಂಜೆಕ್ಷನ್ ಹೊತ್ತಿಗೆ ಹೋಗಿ ಒಂದು ಮೂಲೆ ಹಿಡಿದು, ಒಬ್ಬ ಸಿಸ್ಟರ್ ನಡೆದ ದಾರಿಯನ್ನೆಲ್ಲ ಪೆನ್ನು ಎತ್ತದೆ ಎಳೆಯುತ್ತಾ ಹೋಗಿ. ಅರ್ಧ ಗಂಟೆಯಲ್ಲಿ ಹಾಳೆ ಕೋಳಿ ಕೆದರಿದ ಹಾಗೆ ಆಗುತ್ತದೆ. ಕೆಲಸಕ್ಕೆ ಬರುವ ಡ್ರಾಯಿಂಗ್ ಅದೇ.

ಮೂರನೇ ವಾರ್ಡಿನಲ್ಲಿ ಹೀಗೆ ಎಳೆದಾಗ ನನಗೆ ಗೊತ್ತಾಯಿತು, ಒಂದು ಆಂಟಿಬಯೋಟಿಕ್ ಕೊಡಲು ಸಿಸ್ಟರ್ ನಾಲ್ಕು ಕಡೆ ಹೋಗುತ್ತಿದ್ದರು. ವಯಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಬಾಟಲಿ) ಬೀರುವಿನಲ್ಲಿ, ಕರಗಿಸುವ ನೀರು ಇನ್ನೊಂದು ಡ್ರಾಯರ್‌ನಲ್ಲಿ, ಸಿರಿಂಜ್ ಟ್ರಾಲಿ ಮೇಲೆ, 100 ಎಂ.ಎಲ್. ಸಲೈನ್ ಕಾರಿಡಾರಿನ ಆಚೆಯ ಸ್ಟೋರಿನಲ್ಲಿ. ಅಷ್ಟು ಓಡಾಡಲು ಯಾರಿಗೆ ಆಗುತ್ತದೆ? ಹಾಗಾಗಿ ಎಲ್ಲವನ್ನೂ ಒಂದೇ ಸಲ ತಂದು ಕೌಂಟರ್ ಮೇಲೆ ರಾಶಿ ಹಾಕಿಕೊಂಡು, ಎಂಟು ಹತ್ತು ರೋಗಿಗಳ ಔಷಧಿಯನ್ನು ಒಟ್ಟಿಗೆ ಸಿರಿಂಜ್‌ಗೆ ಎಳೆದು, ಹೆಸರಿಲ್ಲದ ಸಿರಿಂಜ್‌ಗಳನ್ನು ಟ್ರೇನಲ್ಲಿ ಸಾಲಾಗಿ ಇಡುತ್ತಿದ್ದರು. ಎಲ್ಲದರಲ್ಲೂ ನೀರಿನಂಥ ದ್ರವವೇ. ಯಾವುದು ಯಾರದ್ದು ಅಂತ ಅವರ ನೆನಪಿನಲ್ಲಿ ಮಾತ್ರ. ಇದಕ್ಕೆ ಸಿಸ್ಟರ್‌ಗೆ ಮೆಮೊ ಕೊಡುವ ಆಸ್ಪತ್ರೆಗಳಿವೆ. ಬೀರುವಿಗೆ ಮೆಮೊ ಕೊಡಬೇಕು ಅನ್ನುವುದು ನನ್ನ ವಾದ.

ರಾತ್ರಿ ಡ್ಯೂಟಿಯಲ್ಲೂ ಒಂದು ಸಲ ಹೋಗಿ. ನಾನು ಹೋದಾಗ "ಸಿಸ್ಟರ್, ರಾತ್ರಿ ಹೊತ್ತು ಯಾವ ಔಷಧಿಗೆ ಜಾಸ್ತಿ ಹುಡುಕಾಡ್ತೀರಾ?" ಅಂತ ಕೇಳಿದೆ. "ಔಷಧಿ ಹುಡುಕಲ್ಲ ಸರ್, ಬೀಗದ ಕೈ ಹುಡುಕ್ತೀವಿ" ಅಂದರು. ಇಂಥದ್ದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಯಾವ ಗೋಡೆ, ಯಾವ ಮೂಲೆ

ನರ್ಸಿಂಗ್ ಸ್ಟೇಷನ್‌ನಿಂದ ಕಣ್ಣಿಗೆ ಕಾಣುವ ಹಾಗಿರಬೇಕು, ಆದರೆ ರೋಗಿಯ ಕಡೆಯವರು ಹಾದುಹೋಗುವ ದಾರಿಯಲ್ಲಿ ಇರಬಾರದು. ಪಡುವಣ ಕಿಟಕಿ ಪಕ್ಕ ಬೇಡ, ಮಧ್ಯಾಹ್ನ ಮೂರರ ಬಿಸಿಲು ನೇರ ಬೀರುವಿಗೆ ಬೀಳುತ್ತದೆ. ಟಾಯ್ಲೆಟ್ ಗೋಡೆ ಬೇಡವೇ ಬೇಡ. ಕರಾವಳಿಯಲ್ಲಿ ಇದನ್ನು ಚೆನ್ನಾಗಿ ಕಲಿತೆ. ಜೂನ್ ಜುಲೈ ಮಳೆಯಲ್ಲಿ ಗೋಡೆ ಬೆವರುತ್ತದೆ, ಒಆರ್‌ಎಸ್ ಪ್ಯಾಕೆಟ್ ಒಳಗೆ ಪುಡಿ ಕಲ್ಲಾಗುತ್ತದೆ, ರಟ್ಟಿನ ಡಬ್ಬಿಗಳ ತಳ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಬೇರೆ ಜಾಗ ಇಲ್ಲವೇ ಇಲ್ಲ ಅಂದರೆ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು ನಿಲ್ಲಿಸಿ, ಕೆಳಗೆ ನಾಲ್ಕಿಂಚು ಕಾಲು ಕೊಡಿಸಿ. ಗುಡಿಸಲು, ಒರೆಸಲು, ಇಲಿ ಬಂದಿದೆಯಾ ನೋಡಲು ಆ ಜಾಗ ಬೇಕೇ ಬೇಕು.

ಬೇರೆ ಕೋಣೆಯೇ ಸಿಕ್ಕಿದರೆ ಅದೃಷ್ಟ. ಎಂಟಡಿಗೆ ಎಂಟಡಿ ಸಾಕು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದ್ದು ಇರಲಿ, ಮೇಲರ್ಧ ಗಾಜು ಇರಲಿ. ಒಳಗೆ ನಿಂತ ಸಿಸ್ಟರ್‌ಗೆ ವಾರ್ಡು ಕಾಣಬೇಕು, ಹೊರಗಿನವರಿಗೆ ಒಳಗೆ ಯಾರಿದ್ದಾರೆ ಅಂತ ಕಾಣಬೇಕು. ಔಷಧಿ ಎಳೆಯುವಾಗ ಮಾತಾಡಿಸಬೇಡಿ ಅಂತ ನೆಲಕ್ಕೆ ಕೆಂಪು ಟೇಪ್ ಹಚ್ಚುವ ಪದ್ಧತಿ ಹಲವು ಕಡೆ ಇದೆ. ನಾನೂ ಹಚ್ಚಿ ನೋಡಿದೆ. ಟೇಪ್ ನೋಡಿ ಯಾರೂ ನಿಲ್ಲುವುದಿಲ್ಲ ಸ್ವಾಮಿ, "ಸಿಸ್ಟರ್, ಡ್ರಿಪ್ ಮುಗೀತು" ಅಂತ ಟೇಪ್ ಮೇಲೇ ನಿಂತು ಹೇಳುತ್ತಾರೆ. ಮುಚ್ಚಿದ ಬಾಗಿಲು ನೋಡಿದರೆ ಮಾತ್ರ ನಿಲ್ಲುತ್ತಾರೆ.

ಬೆಳಕಿನ ವಿಷಯದಲ್ಲಿ ಜಿಪುಣತನ ಬೇಡ. ಆಂಪೂಲ್ ಅಂದರೆ ಕುತ್ತಿಗೆ ಮುರಿದು ತೆರೆಯುವ ಪುಟ್ಟ ಇಂಜೆಕ್ಷನ್ ಶೀಷೆ, ಅದರ ಮೇಲಿನ ಅಕ್ಷರ ಅಕ್ಕಿಕಾಳಿಗಿಂತ ಚಿಕ್ಕದು. ಚಾವಣಿಯಲ್ಲಿ ಒಂದು ಟ್ಯೂಬ್‌ಲೈಟ್ ಹಾಕಿದರೆ ಕೌಂಟರ್ ಮುಂದೆ ನಿಂತವರ ನೆರಳು ಅವರ ಕೈ ಮೇಲೇ ಬೀಳುತ್ತದೆ. ಮೇಲಿನ ಶೆಲ್ಫಿನ ಅಡಿಗೆ, ಮುಂದಂಚಿಗೆ, ಉದ್ದಕ್ಕೂ ಒಂದು ಎಲ್‌ಇಡಿ ಪಟ್ಟಿ ಹಾಕಿಸಿ. ಕೌಂಟರ್ ಮೇಲೆ 1000 ಲಕ್ಸ್ (ಬೆಳಕು ಅಳೆಯುವ ಮಾನ) ಆಸುಪಾಸು ಸಿಗಬೇಕು, ಫೋನಿನ ಆ್ಯಪ್‌ನಲ್ಲೇ ಅಂದಾಜು ಅಳೆಯಬಹುದು. ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ರಾತ್ರಿ ಎಲ್ಲ ಲೈಟ್ ಆರಿಸಿ ಇದೊಂದನ್ನೇ ಹಾಕಿ, ವಾರ್ಡಿನಲ್ಲಿ ವಯಸ್ಸಾದ ಸಿಸ್ಟರ್ ಯಾರಿದ್ದಾರೋ ಅವರ ಕೈಗೆ ಒಂದು ಅಟ್ರೋಪಿನ್ ಆಂಪೂಲ್ ಕೊಟ್ಟು ಎಕ್ಸ್‌ಪೈರಿ ಓದಿಸಿ. ಅವರು ಕಣ್ಣು ಕಿರಿದು ಮಾಡಿದರೆ ಬೆಳಕು ಸಾಲದು.

ಬಡಗಿಗೆ ಹೇಳುವ ಅಳತೆ

ಬಡಗಿಗೆ ಬಿಟ್ಟರೆ ಅಡುಗೆಮನೆ ಕಪಾಟು ಮಾಡಿಕೊಡುತ್ತಾನೆ, ಎರಡಡಿ ಆಳ. ಔಷಧಿಗೆ ಅದು ಬಾವಿ. ಮುಂದೆ ಹೊಸದು, ಹಿಂದೆ ಹಳೆಯದು, ಅದರ ಹಿಂದೆ ಮೂರು ವರ್ಷದ ಹಿಂದಿನದು. ಚಿಕ್ಕ ಡಬ್ಬಿಗಳಿಗೆ ಶೆಲ್ಫ್ ಆಳ 10 ಇಂಚು, ಹೆಚ್ಚೆಂದರೆ 12. ಕೌಂಟರ್ ಎತ್ತರ ಮೂರಡಿ. ಎಲ್ಲಕ್ಕಿಂತ ಮೇಲಿನ ಶೆಲ್ಫ್ ನೆಲದಿಂದ ಐದೂವರೆ ಅಡಿ ದಾಟಬಾರದು. ನಮ್ಮ ಸಿಸ್ಟರ್‌ಗಳಲ್ಲಿ ಜಾಸ್ತಿ ಜನ ಐದಡಿ ಆಸುಪಾಸು, ಅದಕ್ಕಿಂತ ಮೇಲೆ ಇಟ್ಟರೆ ಸ್ಟೂಲ್ ಬರುತ್ತದೆ, ಸ್ಟೂಲ್ ಬಂದರೆ ಬೀಳುವುದೂ ಬರುತ್ತದೆ. ಅಟ್ಟ ಮಾತ್ರ ಮಾಡಿಸಬೇಡಿ. ಅಟ್ಟಕ್ಕೆ ಹೋದ ಔಷಧಿ ಎಕ್ಸ್‌ಪೈರಿ ಆಗಿಯೇ ಕೆಳಗಿಳಿಯುವುದು.

ಸೊಂಟದಿಂದ ಭುಜದವರೆಗಿನ ಜಾಗ ಚಿನ್ನ. ದಿನಕ್ಕೆ ಹತ್ತು ಸಲ ಕೈಹಾಕುವುದು ಮಾತ್ರ ಅಲ್ಲಿರಬೇಕು. ಡ್ರಿಪ್ ಬಾಟಲಿ ಕೆಳಗೆ, ಮರದ ಹಲಗೆಯ ಮೇಲೆ, ನೆಲಕ್ಕೆ ತಾಗದ ಹಾಗೆ. ಅರ್ಧ ಲೀಟರಿನ 24 ಬಾಟಲಿ ಇರುವ ಡಬ್ಬಿ ಅಂದರೆ 12 ಕೆ.ಜಿ. ಮೇಲಾಯಿತು, ಅದನ್ನು ಎದೆಮಟ್ಟದಲ್ಲಿ ಇಟ್ಟು ಯಾರ ಬೆನ್ನು ಮುರಿಯಬೇಕು ಹೇಳಿ. ಕೌಂಟರ್‌ಗೆ ಗ್ರಾನೈಟ್ ಒಳ್ಳೆಯದು, ಸ್ಪಿರಿಟ್ ಬಿದ್ದರೂ ಒರೆಸಿದರೆ ಆಯಿತು. ಬಣ್ಣ ಮಾತ್ರ ತಿಳಿ ಇರಲಿ. ಕಪ್ಪು ಗ್ರಾನೈಟ್ ಮೇಲೆ ಒಡೆದ ಆಂಪೂಲಿನ ಚೂರು ಕಾಣುವುದಿಲ್ಲ, ಕೈಗೆ ಚುಚ್ಚಿದ ಮೇಲೆ ಗೊತ್ತಾಗುತ್ತದೆ. ಸಿಂಕ್ ಬೇಕು, ಆದರೆ ಇಂಜೆಕ್ಷನ್ ತಯಾರಿಸುವ ಜಾಗಕ್ಕೆ ಅಂಟಿಕೊಂಡು ಬೇಡ. ಕೈತೊಳೆದ ನೀರು ಸಿಡಿದು ವಯಲ್ ಮೇಲೆ ಬೀಳುತ್ತದೆ. ಮೂರಡಿ ಅಂತರ ಇರಲಿ, ಅಷ್ಟು ಜಾಗವಿಲ್ಲದಿದ್ದರೆ ನಡುವೆ ಒಂದು ಗಾಜಿನ ಅಡ್ಡ ಹಲಗೆ ನಿಲ್ಲಿಸಿ. ಕೌಂಟರ್ ಅಡಿಯಲ್ಲೇ ಸೂಜಿಗೆ ಬಿಳಿ ಡಬ್ಬಿ, ಗಾಜಿನ ಆಂಪೂಲಿಗೆ ನೀಲಿ ಡಬ್ಬಿ ಕೂರುವ ಗೂಡು ಮಾಡಿಸಿ. ಡಬ್ಬಿ ಐದು ಹೆಜ್ಜೆ ದೂರ ಇದ್ದರೆ ಸೂಜಿ ಕೌಂಟರ್ ಮೇಲೇ ಉಳಿಯುತ್ತದೆ, ಇದು ಗ್ಯಾರಂಟಿ.

ಎಷ್ಟು ಇಡಬೇಕು

ಇದು ಬೇಗ ಮುಗಿಯುವ ಲೆಕ್ಕ, ಆದರೂ ಯಾರೂ ಮಾಡುವುದಿಲ್ಲ. ಉದಾಹರಣೆಗೆ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ದಿನಕ್ಕೆ 20 ಹೋಗುತ್ತದೆ, ಇಂಡೆಂಟ್, ಅಂದರೆ ಫಾರ್ಮಸಿಗೆ ಬೇಡಿಕೆ ಬರೆದು ಔಷಧಿ ತರಿಸುವುದು, ವಾರಕ್ಕೆ ಎರಡು ಸಲ ಅಂದುಕೊಳ್ಳಿ. ಒಂದು ಇಂಡೆಂಟಿಗೂ ಇನ್ನೊಂದಕ್ಕೂ ಹೆಚ್ಚೆಂದರೆ ನಾಲ್ಕು ದಿನ, ಹಾಗಾಗಿ 80. ಭಾನುವಾರ, ಹಬ್ಬ, ಲಿಫ್ಟ್ ಕೆಟ್ಟಿದ್ದು ಅಂತ ಒಂದು ದಿನದ್ದು ಜಾಸ್ತಿ, 100. ಈಗ 100 ವಯಲ್ ಎಷ್ಟು ಜಾಗ ಹಿಡಿಯುತ್ತದೆ ಅಂತ ಟೇಪ್ ಹಿಡಿದು ಅಳೆದು ಅಷ್ಟೇ ದೊಡ್ಡ ಡಬ್ಬಿ ಇಡಿ. ಡಬ್ಬಿ ದೊಡ್ಡದಾದರೆ ಸ್ಟಾಕೂ ದೊಡ್ಡದಾಗುತ್ತದೆ, ಮನೆ ಫ್ರಿಜ್‌ನ ಹಾಗೇ. ಒಂದು ಡಬ್ಬಿ ಬದಲು ಎರಡು ಚಿಕ್ಕ ಡಬ್ಬಿ ಹಿಂದೆಮುಂದೆ ಇಟ್ಟರೆ ಇನ್ನೂ ಒಳ್ಳೆಯದು. ಮುಂದಿನದು ಖಾಲಿಯಾದ ತಕ್ಷಣ ಅದರ ಚೀಟಿ ಇಂಡೆಂಟ್ ಪುಸ್ತಕಕ್ಕೆ ಹೋಗುತ್ತದೆ, ಹಿಂದಿನದು ಮುಂದೆ ಬರುತ್ತದೆ. ಎಣಿಸುವ ಕೆಲಸವೇ ಇಲ್ಲ. ಮೊದಲು ಎಕ್ಸ್‌ಪೈರಿ ಆಗುವುದು ಮೊದಲು ಹೋಗಬೇಕು ಅನ್ನುವ ನಿಯಮ ಪೋಸ್ಟರ್ ಇಲ್ಲದೆ ತಾನಾಗಿ ನಡೆಯುತ್ತದೆ, ಫಾರ್ಮಸಿಯಿಂದ ತುಂಬಿಸುವವರು ಒಂದು ಸಲ ತಾರೀಖು ನೋಡಿ ಇಟ್ಟರೆ ಸಾಕು.

ಆರು ತಿಂಗಳಲ್ಲಿ ಒಂದು ಸಲವೂ ಬಳಸದ ಔಷಧಿಯನ್ನು ವಾರ್ಡಿನಿಂದ ಎತ್ತಿಬಿಡಿ. "ಇರ್ಲಿ ಸರ್, ಯಾವಾಗಾದ್ರೂ ಬೇಕಾಗುತ್ತೆ" ಅನ್ನುತ್ತಾರೆ. ತುರ್ತಿನದು ಕ್ರಾಶ್ ಕಾರ್ಟಿನಲ್ಲಿ, ಅಂದರೆ ತುರ್ತು ಔಷಧಿಯ ಚಕ್ರದ ಗಾಡಿಯಲ್ಲಿ ಇರಬೇಕು, ಉಳಿದದ್ದು ಫಾರ್ಮಸಿಯಲ್ಲಿ.

ಯಾವುದರ ಪಕ್ಕ ಯಾವುದು ಇರಬಾರದು

ನಿಜವಾದ ಕೆಲಸ ಇಲ್ಲಿ. ಮೊದಲು ದೊಡ್ಡ ವಿಭಾಗ ಮಾಡಿಕೊಳ್ಳಿ: ಬಾಯಿಗೆ ಕೊಡುವುದು, ಇಂಜೆಕ್ಷನ್, ಡ್ರಿಪ್, ಮೈಮೇಲೆ ಹಚ್ಚುವುದು. ಬೆಟಾಡಿನ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೆಲ ಒರೆಸುವ ಫಿನಾಯಿಲ್ ಯಾವುದೂ ಔಷಧಿ ಬೀರುವಿನೊಳಗೆ ಕಾಲಿಡಬಾರದು. ಸಿರಪ್ ಬಾಟಲಿಗೂ ಇವಕ್ಕೂ ಕತ್ತಲಲ್ಲಿ ಏನೂ ವ್ಯತ್ಯಾಸವಿಲ್ಲ.

ಆಮೇಲೆ ಎಬಿಸಿಡಿಯನ್ನು ಮರೆತುಬಿಡಿ. ಅಕ್ಷರದ ಪ್ರಕಾರ ಇಟ್ಟರೆ ಡೊಪಮಿನ್ ಪಕ್ಕದಲ್ಲೇ ಡೊಬ್ಯುಟಮಿನ್ ಬಂದು ಕೂರುತ್ತದೆ. ಹೆಸರು ಹತ್ತಿರ ಇರುವುದನ್ನು ಜಾಗದಲ್ಲಿ ದೂರ ಇಡಬೇಕು, ನಾವು ಮಾಡುವುದು ಉಲ್ಟಾ. ಯಾವ ಕೆಲಸಕ್ಕೆ ಅನ್ನುವುದರ ಮೇಲೆ ಗುಂಪು ಮಾಡಿ, ಆ ಗುಂಪಿನೊಳಗೆ ಒಂದೇ ಥರ ಕಾಣುವುದನ್ನು ಒಂದಾದರೂ ಖಾನೆ ಬಿಟ್ಟು ಇಡಿ. ಒಂದೇ ಥರ ಕಾಣುತ್ತದಾ ಇಲ್ಲವಾ ಅಂತ ಪುಸ್ತಕದ ಪಟ್ಟಿ ನೋಡಿ ತೀರ್ಮಾನಿಸಬೇಡಿ. ನಿಮ್ಮ ವಾರ್ಡಿಗೆ ಬರುವ ಆಂಪೂಲ್, ವಯಲ್‌ಗಳಲ್ಲಿ ಒಂದೊಂದನ್ನು ಡಬ್ಬಿಯಿಂದ ಹೊರತೆಗೆದು ಬಿಳಿ ಬಟ್ಟೆ ಮೇಲೆ ಸಾಲಾಗಿ ಇಟ್ಟು ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಕಣ್ಣು ಮೋಸ ಹೋಗುವ ಜೋಡಿಗಳು ಅಲ್ಲೇ ಕಾಣುತ್ತವೆ. ಟೆಂಡರ್ ಬದಲಾದ ಹಾಗೆ ಕಂಪನಿ ಬದಲಾಗುತ್ತದೆ, ನಿನ್ನೆ ನೀಲಿ ಮುಚ್ಚಳ ಇದ್ದದ್ದು ಇವತ್ತು ಹಸಿರು. ಅದಕ್ಕೇ ಹೊಸ ಸರಬರಾಜು ಬಂದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ನನ್ನ ಕಣ್ಣೆದುರೇ ಆದ ಒಂದು: ಪ್ಯಾರಾಸಿಟಮಾಲ್ ಡ್ರಿಪ್ 100 ಎಂ.ಎಲ್., ಮೆಟ್ರೊನಿಡಜೋಲ್ 100 ಎಂ.ಎಲ್., ಎರಡೂ ಒಂದೇ ಅಳತೆಯ ಪ್ಲಾಸ್ಟಿಕ್ ಬಾಟಲಿ, ಎರಡರ ಮೇಲೂ ನೀಲಿ ಅಕ್ಷರ, ಒಂದೇ ಬುಟ್ಟಿ. ಜ್ವರ ಬಂದ ಅಜ್ಜಿಗೆ ಪ್ಯಾರಾಸಿಟಮಾಲ್ ಬದಲು ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್ ಸ್ಟ್ಯಾಂಡಿಗೆ ಏರಿತ್ತು, ಟ್ಯೂಬ್ ಚುಚ್ಚುವ ಮೊದಲು ಅವರ ಮೊಮ್ಮಗಳು, ನರ್ಸಿಂಗ್ ಓದುತ್ತಿದ್ದ ಹುಡುಗಿ, "ಅಕ್ಕಾ, ಇದು ಬೇರೆ ಅಲ್ವಾ?" ಅಂದಳು. ಅವತ್ತಿನಿಂದ ಆ ಎರಡು ಬುಟ್ಟಿ ಕೋಣೆಯ ಎರಡು ಗೋಡೆಗೆ ಹೋದವು.

ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆ ಮಾತ್ರ ನನ್ನ ಹತ್ತಿರ ರಾಜಿ ಇಲ್ಲ. 10 ಎಂ.ಎಲ್. ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ (ಲವಣ ಅಳೆಯುವ ಮಾನ) ಪೊಟ್ಯಾಸಿಯಂ ಇರುತ್ತದೆ. ಡ್ರಿಪ್‌ಗೆ ಬೆರೆಸಿ ನಿಧಾನಕ್ಕೆ ಬಿಡಬೇಕಾದ್ದು, ಹಾಗೇ ನೇರ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ನೋಡಲು ಮಾತ್ರ ಪಕ್ಕದ ಡಿಸ್ಟಿಲ್ಡ್ ವಾಟರ್ ಆಂಪೂಲಿನ ಅವಳಿ ಜವಳಿ. ಬ್ರಿಟನ್ನಿನಲ್ಲಿ 2002ರಲ್ಲೇ ಇದನ್ನು ಸಾಮಾನ್ಯ ವಾರ್ಡುಗಳಿಂದ ತೆಗೆಯಿರಿ ಅಂತ ಸುರಕ್ಷತಾ ಎಚ್ಚರಿಕೆ ಹೊರಡಿಸಿದರು. ನಮ್ಮಲ್ಲೂ ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನಿಂದ ತಪಾಸಣೆಗೆ ಬಂದವರು ಇದನ್ನು ಎಲ್ಲಿಟ್ಟಿದ್ದೀರಿ ಅಂತ ಕೇಳಿಯೇ ಕೇಳುತ್ತಾರೆ. ಆಗುವುದಾದರೆ ವಾರ್ಡಿನಲ್ಲಿ ಇಡಲೇಬೇಡಿ, ಬೇಕಾದಾಗ ರೋಗಿಯ ಹೆಸರಿಗೆ ಫಾರ್ಮಸಿಯಿಂದ ತರಿಸಿ. ಆಗುವುದಿಲ್ಲ ಅಂದರೆ ಬೇರೆ ಬೀಗದ ಡಬ್ಬಿ, ಐದೇ ಆಂಪೂಲ್, ಮೇಲೆ ಕೆಂಪಲ್ಲಿ "ಬೆರೆಸದೆ ಕೊಡಬೇಡಿ". ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಕೂಡ ಹೀಗೇ. ಎಂ.ಎಲ್.ಗೆ 1000 ಯೂನಿಟ್ಟಿನದೂ ಬರುತ್ತದೆ, 5000 ಯೂನಿಟ್ಟಿನದೂ ಬರುತ್ತದೆ, ಎರಡೂ 5 ಎಂ.ಎಲ್. ವಯಲ್. ವಾರ್ಡಿಗೆ ಒಂದೇ ಶಕ್ತಿಯದ್ದು ಕೊಡಿ, ಎರಡು ಇಟ್ಟು ಎಚ್ಚರಿಕೆ ಬೋರ್ಡ್ ಹಾಕುವುದಕ್ಕಿಂತ ಅದು ಮೇಲು.

ಇನ್ಸುಲಿನ್‌ನಲ್ಲಿ ಇನ್ನೊಂದು ತೊಡಕು ಇದೆ. ನಮ್ಮ ದೇಶದಲ್ಲಿ ಎಂ.ಎಲ್.ಗೆ 40 ಯೂನಿಟ್ಟಿನ ವಯಲ್ಲೂ ಇದೆ, 100ರದ್ದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದಲ್ಲಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ. ಸಿರಿಂಜ್ ಒಂದು ಡ್ರಾಯರ್‌ನಲ್ಲಿ, ವಯಲ್ ಫ್ರಿಜ್‌ನಲ್ಲಿ ಇದ್ದರೆ ಕೈಗೆ ಸಿಕ್ಕಿದ್ದು ಬರುತ್ತದೆ. ನಾವು ಫ್ರಿಜ್ ಬಾಗಿಲ ಹೊರಗೆ, ಹಿಡಿಯ ಪಕ್ಕದಲ್ಲೇ, ಒಂದು ಪಾರದರ್ಶಕ ಡಬ್ಬಿ ಅಂಟಿಸಿ ನಮ್ಮಲ್ಲಿ ಬಳಸುವ ವಯಲ್ಲಿಗೆ ಹೊಂದುವ ಸಿರಿಂಜ್ ಮಾತ್ರ ಅದರಲ್ಲಿ ಇಟ್ಟೆವು. ಇನ್ನೊಂದು ಬಣ್ಣದ್ದು ವಾರ್ಡಿಗೇ ಬರದ ಹಾಗೆ ಇಂಡೆಂಟಿನಿಂದ ಹೊಡೆದು ಹಾಕಿದೆವು.

ಲೇಬಲ್ ವಿಷಯಕ್ಕೆ ಬಂದರೆ, ಔಷಧಿಯ ಹೆಸರನ್ನು ವಯಲ್ ಮೇಲೆ ಯಾವ ಲಿಪಿಯಲ್ಲಿ ಇದೆಯೋ ಅದರಲ್ಲೇ ಬರೆಯಿರಿ, ಅಂದರೆ ಇಂಗ್ಲಿಷಿನಲ್ಲಿ. ಕಣ್ಣು ಹೋಲಿಸುವುದು ಆಕಾರವನ್ನು. ಬ್ರಾಂಡ್ ಹೆಸರು ಬೇಡ, ಮೂಲ ಹೆಸರು ಹಾಕಿ. ಎಚ್ಚರಿಕೆಯ ಮಾತು ಕನ್ನಡದಲ್ಲಿ ಇರಲಿ, ಜೊತೆಗೆ ಒಂದು ಬಣ್ಣವೂ ಇರಲಿ, ಯಾಕೆಂದರೆ ಕೇರಳದಿಂದ ಬಂದು ಆರು ತಿಂಗಳಾಗಿರುವ ಸಿಸ್ಟರ್‌ಗೆ ಕನ್ನಡ ಮಾತಾಡಲು ಬಂದರೂ ಓದಲು ಇನ್ನೂ ಬಂದಿರುವುದಿಲ್ಲ. ಬಣ್ಣ ಎರಡೇ ಸಾಕು. ಅಪಾಯದ್ದಕ್ಕೆ ಕೆಂಪು, ಒಂದೇ ಥರ ಕಾಣುವುದಕ್ಕೆ ಹಳದಿ. ಏಳು ಬಣ್ಣ ಹಾಕಿದ ವಾರ್ಡು ನೋಡಿದ್ದೇನೆ, ರಂಗೋಲಿ ಸ್ಪರ್ಧೆ ಥರ ಇತ್ತು, ಯಾವ ಬಣ್ಣಕ್ಕೆ ಏನರ್ಥ ಅಂತ ಹಾಕಿದವರಿಗೇ ನೆನಪಿರಲಿಲ್ಲ.

ಬೀಗ

ಮಾರ್ಫಿನ್, ಫೆಂಟನಿಲ್ ಥರದ್ದಕ್ಕೆ ಬೀರುವಿನೊಳಗೆ ಇನ್ನೊಂದು ಚಿಕ್ಕ ಪೆಟ್ಟಿಗೆ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದು, ಎರಡು ಬೇರೆ ಬೇರೆ ಬೀಗ. ಎರಡೂ ಬೀಗದ ಕೈಗಳು ಒಂದೇ ಗೊಂಚಲಿನಲ್ಲಿ ಇದ್ದರೆ ಅದು ಒಂದೇ ಬೀಗ ಅಂತಲೇ ಲೆಕ್ಕ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ಮಾರ್ಫಿನ್‌ನಂಥ ಅಗತ್ಯ ನೋವುನಿವಾರಕಗಳನ್ನು ಆಸ್ಪತ್ರೆ ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ, ಆದರೆ ಲೆಕ್ಕ ಸಡಿಲವಾಗಿಲ್ಲ. ಟ್ರಮಡಾಲ್ ಅನ್ನುವ ನೋವುನಿವಾರಕ ಕೂಡ 2018ರಿಂದ ಅದೇ ಕಾಯ್ದೆಯಡಿ ಇದೆ, ಇನ್ನೂ ಅದನ್ನು ಸಾಮಾನ್ಯ ನೋವಿನ ಔಷಧಿ ಡೈಕ್ಲೊಫೆನಾಕ್ ಪಕ್ಕದಲ್ಲಿ ತೆರೆದ ಬುಟ್ಟಿಯಲ್ಲಿ ಇಟ್ಟ ವಾರ್ಡುಗಳಿವೆ. ಅರಿವಳಿಕೆಗೆ ಬಳಸುವ ಕೆಟಮಿನ್ ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಯದ್ದು, ಅದಕ್ಕೂ ಬೀಗ ಬೇಕು. ರಿಜಿಸ್ಟರ್ ಪೆಟ್ಟಿಗೆ ಪಕ್ಕದಲ್ಲೇ ಇರಲಿ, ಪೆನ್ನನ್ನು ದಾರ ಕಟ್ಟಿ ನೇತುಹಾಕಿ. ನಗಬೇಡಿ, ಪೆನ್ನು ಇಲ್ಲದ್ದಕ್ಕೆ "ಆಮೇಲೆ ಬರೀತೀನಿ" ಅಂತ ಬಿಟ್ಟದ್ದೇ ಲೆಕ್ಕ ತಪ್ಪುವ ಮೊದಲ ಕಾರಣ. ಖಾಲಿ ಆಂಪೂಲ್ ವಾಪಸ್ ಹಾಕಲು ಒಂದು ಚಿಕ್ಕ ಡಬ್ಬಿಯೂ ಅಲ್ಲೇ.

ಬೀಗದ ಕೈ ಮೊಳೆಗೆ ನೇತುಹಾಕುವಂತಿಲ್ಲ, ಮೇಜಿನ ಡ್ರಾಯರ್‌ನಲ್ಲೂ ಇರುವಂತಿಲ್ಲ. ಡ್ಯೂಟಿಯ ಸಿಸ್ಟರ್ ಕೊರಳಲ್ಲಿ ಅಥವಾ ಜೇಬಲ್ಲಿ, ಹ್ಯಾಂಡೋವರ್ ಪುಸ್ತಕದಲ್ಲಿ ಸಹಿ ಹಾಕಿ ಕೊಟ್ಟು ತೆಗೆದುಕೊಳ್ಳಬೇಕು. ಆದರೆ ಎಲ್ಲಕ್ಕೂ ಬೀಗ ಹಾಕುವ ಉತ್ಸಾಹ ಬೇಡ. ಪ್ಯಾರಾಸಿಟಮಾಲ್ ಮಾತ್ರೆಗೂ ಬೀಗ ಹಾಕಿದರೆ ಸಿಸ್ಟರ್ ತಮ್ಮ ಏಪ್ರನ್ ಜೇಬಿನಲ್ಲೇ ಒಂದು ಫಾರ್ಮಸಿ ಇಟ್ಟುಕೊಳ್ಳುತ್ತಾರೆ.

ಫ್ರಿಜ್, ಮತ್ತು ಬೇಸಿಗೆ

ಫ್ರಿಜ್ ಔಷಧಿಗೆ ಬೇಕಾದ್ದು 2ರಿಂದ 8 ಡಿಗ್ರಿ. ಇನ್ಸುಲಿನ್, ಲಸಿಕೆ, ಹೆರಿಗೆ ವಾರ್ಡಾದರೆ ಆಕ್ಸಿಟೋಸಿನ್, ಕಾರ್ಬೊಪ್ರೊಸ್ಟ್, ತಾಲ್ಲೂಕು ಆಸ್ಪತ್ರೆಯಾದರೆ ರೇಬೀಸ್ ಲಸಿಕೆ. ಹಾವಿನ ವಿಷದ ಔಷಧಿ ದ್ರವ ರೂಪದ್ದಾದರೆ ಫ್ರಿಜ್‌ಗೆ, ಪುಡಿಯದ್ದಾದರೆ ಹೊರಗೆ ತಂಪು ಜಾಗದಲ್ಲೂ ನಡೆಯುತ್ತದೆ, ಡಬ್ಬಿ ಮೇಲೆ ಏನು ಬರೆದಿದೆ ನೋಡಿ.

ಎಲ್ಲರೂ ಬಿಸಿಗೆ ಹೆದರುತ್ತಾರೆ. ನಾನು ಹೆದರುವುದು ಹೆಪ್ಪುಗಟ್ಟುವುದಕ್ಕೆ. ಮನೆ ಥರದ ಫ್ರಿಜ್‌ನಲ್ಲಿ ಮೇಲಿನ ಐಸ್ ಪೆಟ್ಟಿಗೆಗೆ ಅಂಟಿಕೊಂಡ ವಯಲ್ ರಾತ್ರಿ ಗಡ್ಡೆಯಾಗಿ ಬೆಳಗ್ಗೆ ಬಾಗಿಲು ತೆರೆದು ಮುಚ್ಚಿ ಮಾಡುವಾಗ ಕರಗಿರುತ್ತದೆ. ನೋಡಲು ಮೊದಲಿನ ಹಾಗೇ ಕಾಣಬಹುದು. ಆದರೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಬಳಸುವಂತಿಲ್ಲ, ಟೆಟನಸ್, ಹೆಪಟೈಟಿಸ್ ಬಿ ಲಸಿಕೆಯೂ ಅಷ್ಟೇ. ಹಾಗಾಗಿ ಔಷಧಿ ನಡುವಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗದ ಹಾಗೆ, ತೂತಿರುವ ಬುಟ್ಟಿಗಳಲ್ಲಿ ಇಡಿ. ಬಾಗಿಲ ಗೂಡಿನಲ್ಲಿ ಔಷಧಿ ಬೇಡ, ಅಲ್ಲಿ ನೀರಿನ ಬಾಟಲಿಗಳನ್ನು ತುಂಬಿಸಿಡಿ, ಕರೆಂಟ್ ಹೋದಾಗ ತಂಪು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಆ ಬಾಟಲಿ ಮೇಲೆ "ಕುಡಿಯಲು ಅಲ್ಲ" ಅಂತ ಬರೆಯಿರಿ, ಇಲ್ಲದಿದ್ದರೆ ಸಂಜೆಗೆ ಖಾಲಿ. ಡಿಜಿಟಲ್ ಥರ್ಮಾಮೀಟರ್ ಕೊಳ್ಳುವಾಗ ಅತಿ ಹೆಚ್ಚು, ಅತಿ ಕಡಿಮೆ ಎರಡೂ ನೆನಪಿಡುವಂಥದ್ದು ಕೊಳ್ಳಿ. ಬೆಳಗ್ಗೆ ಎಂಟಕ್ಕೆ 5 ಡಿಗ್ರಿ ಇತ್ತು ಅಂದರೆ ರಾತ್ರಿ ಎಷ್ಟಿತ್ತು ಅಂತ ಅದೊಂದೇ ಹೇಳಬಲ್ಲದು. ದಿನಕ್ಕೆ ಎರಡು ಸಲ ಬರೆದಿಡಿ. ಇಡೀ ತಿಂಗಳು 4, 4, 4 ಅಂತ ಒಂದೇ ಪೆನ್ನಿನಲ್ಲಿ ಬರೆದಿದ್ದರೆ ಯಾರೂ ನೋಡಿಲ್ಲ ಅಂತಲೇ ಅರ್ಥ.

ಇನ್ಸುಲಿನ್ ವಯಲ್ ತೆರೆದ ದಿನ ಅದರ ಮೇಲೆ ತಾರೀಖು ಬರೆಯಬೇಕು. ಸಾಮಾನ್ಯವಾಗಿ 28 ದಿನ, ಕಂಪನಿ ಚೀಟಿಯಲ್ಲಿ ಬೇರೆ ಇದ್ದರೆ ಅದೇ. ಬರೆಯಲು ಮಾರ್ಕರ್ ಕೂಡ ಫ್ರಿಜ್ ಮೇಲೇ ಇರಲಿ.

ಪ್ಲಗ್ ಬಗ್ಗೆ ಒಂದು ಕಥೆ ಹೇಳಲೇಬೇಕು. ಒಂದು ಏಪ್ರಿಲ್‌ನಲ್ಲಿ, ಕಲಬುರಗಿ ಕಡೆ, ಶನಿವಾರ ರಾತ್ರಿ ಯಾರೋ ಫೋನ್ ಚಾರ್ಜಿಗೆ ಅಂತ ಫ್ರಿಜ್ ಪ್ಲಗ್ ಕಿತ್ತರು. ಸೋಮವಾರ ಬೆಳಗ್ಗೆ ನಾನು ಬಾಗಿಲು ತೆಗೆದಾಗ ಒಳಗೆ 31 ಡಿಗ್ರಿ. ಇಡೀ ವಾರದ ಇನ್ಸುಲಿನ್ ಹೋಯಿತು. ಬೈಯ್ಯಲು ಯಾರೂ ಸಿಗಲಿಲ್ಲ, ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ಯಾಕೆಂದರೆ ಇಡೀ ಕೋಣೆಗೆ ಇದ್ದದ್ದು ಅದೊಂದೇ ಪ್ಲಗ್ ಪಾಯಿಂಟ್. ಈಗ ನಾನು ಎಲ್ಲ ಕಡೆ ಫ್ರಿಜ್ ಸಾಕೆಟ್ ಅನ್ನು ಫ್ರಿಜ್‌ನ ಹಿಂದೆಯೇ, ಸ್ವಿಚ್ ಇಲ್ಲದ ಹಾಗೆ, ಯುಪಿಎಸ್ ಲೈನಿಗೆ ಹಾಕಿಸುತ್ತೇನೆ. ಮತ್ತು ಕೋಣೆಯ ಬಾಗಿಲ ಪಕ್ಕ, ಎದೆಮಟ್ಟದಲ್ಲಿ, ಫೋನಿಗೆ ಅಂತಲೇ ಎರಡು ಪಾಯಿಂಟ್ ಕೊಡಿಸುತ್ತೇನೆ. ಕರೆಂಟ್ ಹೋಗಿ ತಾಪ ಏರಿದರೆ ಫ್ರಿಜ್ ತೆರೆಯದೆ ಸಮಯ ಬರೆದಿಟ್ಟು ಫಾರ್ಮಸಿಗೆ ಫೋನ್ ಮಾಡಬೇಕು. ಎಸೆಯುವುದೋ ಬಳಸುವುದೋ ವಾರ್ಡಿನಲ್ಲಿ ತೀರ್ಮಾನ ಮಾಡುವುದಲ್ಲ.

ಹೊರಗಿಡುವ ಔಷಧಿಗೂ ತಾಪ ಇದೆ. ಡಬ್ಬಿ ಮೇಲೆ 25 ಡಿಗ್ರಿ ಕೆಳಗೆ ಅಂತಲೋ 30 ಅಂತಲೋ ಇರುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳು 40 ದಾಟುವಾಗ ಎಸಿ ಇಲ್ಲದ ವಾರ್ಡಿನ ಕಬ್ಬಿಣದ ಬೀರು ಒಳಗೆ ಒಲೆ. ಎಸಿ ಬರುವವರೆಗೆ ಕಾಯಬೇಡಿ. ಮಾರ್ಚ್‌ನಿಂದ ಜೂನ್‌ವರೆಗೆ ಸ್ಟಾಕ್ ಅರ್ಧ ಮಾಡಿ, ಇಂಡೆಂಟ್ ದಿನಾ ಮಾಡಿ, ದೊಡ್ಡ ಸ್ಟಾಕ್ ಎಸಿ ಇರುವ ಫಾರ್ಮಸಿಯಲ್ಲಿ ಉಳಿಯಲಿ. ಕೋಣೆಯ ಥರ್ಮಾಮೀಟರ್ ಕೂಡ ತಂಪಾದ ಜಾಗದಲ್ಲಿ ನೇತುಹಾಕಬೇಡಿ, ಮೇಲಿನ ಶೆಲ್ಫಿನಲ್ಲಿ ಇಡಿ.

ಉಳಿದದ್ದು

ಕ್ರಾಶ್ ಕಾರ್ಟ್ ಔಷಧಿ ಕೋಣೆಯೊಳಗೆ ಇರಬಾರದು, ವಾರ್ಡಿನಲ್ಲಿ, ಚಕ್ರಕ್ಕೆ ಅಡ್ಡ ಇಲ್ಲದ ಕಡೆ. ಬೀಗ ಬೇಡ, ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಹಾಕಿ. ಎಳೆದರೆ ಮುರಿಯಬೇಕು. ಪ್ರತಿ ಶಿಫ್ಟಿಗೆ ಸೀಲ್ ನಂಬರ್ ನೋಡಿ ಬರೆದರೆ ಒಳಗಿನದ್ದನ್ನು ದಿನಾ ಎಣಿಸುವ ಕೆಲಸ ತಪ್ಪುತ್ತದೆ. ಅಡ್ರಿನಲಿನ್, ಅಟ್ರೋಪಿನ್ ಎರಡೂ 1 ಎಂ.ಎಲ್. ಪುಟ್ಟ ಆಂಪೂಲ್, ಅದೇ ಡ್ರಾಯರ್‌ನಲ್ಲಿ ಇರಲೇಬೇಕು, ಹಾಗಾಗಿ ನಡುವೆ ಗೋಡೆ ಇರುವ ತಟ್ಟೆ ಬೇಕು. ಆಸ್ಪತ್ರೆಯ ಎಲ್ಲ ವಾರ್ಡಿನಲ್ಲೂ ಡ್ರಾಯರ್ ಕ್ರಮ ಒಂದೇ ಇರಲಿ.

ಡಿಸ್ಚಾರ್ಜ್ ಆದವರ ಉಳಿದ ಔಷಧಿಗೆ ಒಂದು ಬುಟ್ಟಿ, ರೋಗಿಗಳು ಮನೆಯಿಂದ ತಂದದ್ದಕ್ಕೆ ಮಂಚದ ನಂಬರ್ ಹಾಕಿದ ಚೀಲ, ಎಕ್ಸ್‌ಪೈರಿ ಆದದ್ದಕ್ಕೆ ಮುಚ್ಚಳ ಇರುವ ಡಬ್ಬಿ. ಈ ಮೂರಕ್ಕೆ ಜಾಗ ಕೊಡದಿದ್ದರೆ ಮೂರೂ ನಿಮ್ಮ ಚಂದದ ಶೆಲ್ಫಿಗೇ ಬಂದು ಸೇರುತ್ತವೆ. ಎಕ್ಸ್‌ಪೈರಿ ಆದದ್ದು ಕೊನೆಗೆ ಹಳದಿ ಚೀಲಕ್ಕೆ ಹೋಗಬೇಕು, 2016ರ ಜೈವಿಕ ತ್ಯಾಜ್ಯ ನಿಯಮ ಅದನ್ನೇ ಹೇಳುತ್ತದೆ, ಆದರೆ ಮೊದಲು ಫಾರ್ಮಸಿ ಲೆಕ್ಕಕ್ಕೆ ಬರಲಿ. ಮಾತ್ರೆಯ ಸ್ಟ್ರಿಪ್ ಕತ್ತರಿಸುವಾಗ ಹೆಸರು, ತಾರೀಖು ಇರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ನಾಲ್ಕು ಮಾತ್ರೆಯ ಹೆಸರಿಲ್ಲದ ತುಂಡು ಸಿಕ್ಕರೆ ಅದನ್ನು ಊಹಿಸಿ ಡಬ್ಬಿಗೆ ಹಾಕಬೇಡಿ, ಫಾರ್ಮಸಿಗೆ ವಾಪಸ್ ಹೋಗುವ ಬುಟ್ಟಿಗೆ ಹಾಕಿ.

ಎಲ್ಲ ಮುಗಿಸಿ ಮೂರು ವಾರ ಬಿಟ್ಟು, ಯಾರಿಗೂ ಹೇಳದೆ ಹೋಗಿ ನೋಡಿ. ಸಿಸ್ಟರ್‌ಗಳು ಬಿಳಿ ಪ್ಲಾಸ್ಟರ್ ಹಚ್ಚಿ ಪೆನ್ನಲ್ಲಿ ಬರೆದ ಲೇಬಲ್‌ಗಳನ್ನು ಹುಡುಕಿ. ಅವನ್ನು ಕಿತ್ತು ಹಾಕಬೇಡಿ. ನೀವು ಎಲ್ಲಿ ತಪ್ಪಿದ್ದೀರಿ ಅಂತ ಅವರು ಬರೆದಿಟ್ಟ ಪಟ್ಟಿ ಅದು. ಏಳನೇ ವಾರ್ಡಿನಲ್ಲಿ ನನಗೆ ಸಿಕ್ಕಿದ್ದು ಎರಡೇ. ಒಂದು, ಮೇಲಿನ ಶೆಲ್ಫಿನಲ್ಲಿದ್ದ, ವಾಂತಿ ನಿಲ್ಲಿಸುವ ಒಂಡ್ಯಾನ್ಸೆಟ್ರಾನ್ ಡಬ್ಬಿಯನ್ನು ಅವರೇ ಕೌಂಟರ್ ಮಟ್ಟಕ್ಕೆ ಇಳಿಸಿಕೊಂಡಿದ್ದರು. ಇನ್ನೊಂದು ಕೌಂಟರ್ ಅಂಚಿನ ಬರಿ ಗೋಡೆ ಮೇಲೆ, "ಕತ್ತರಿ" ಅಂತ ಬರೆದಿತ್ತು, ಕತ್ತರಿ ಮಾತ್ರ ಇರಲಿಲ್ಲ. ಸ್ಟ್ರಿಪ್ ಹೇಗೆ ಕತ್ತರಿಸಬೇಕು ಅಂತ ಅಷ್ಟೆಲ್ಲ ಹೇಳಿದವನು ಕತ್ತರಿಗೆ ಜಾಗವನ್ನೇ ಕೊಟ್ಟಿರಲಿಲ್ಲ. ಅವತ್ತೇ ಬಡಗಿಯನ್ನು ಕರೆಸಿ ಅಲ್ಲೊಂದು ಮೊಳೆ ಹೊಡೆಸಿದೆ.